ಖಾತಾ ಮುಗಿದ ಡಿಸ್ಕ್, ಕದಲದ ಸರದಿ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹತ್ತಾರು ಜನ ಹಂಚಿಕೊಂಡು ಬಳಸುವ, ಹಲವು ಕಂಪ್ಯೂಟರುಗಳನ್ನು ಜೋಡಿಸಿ ಮಾಡಿದ ಕ್ಲಸ್ಟರ್‌ಗಳ ಬಗ್ಗೆಯೇ ಇವೆ. ಅಂಥದೊಂದು ಕ್ಲಸ್ಟರ್‌ನ ಉಸ್ತುವಾರಿಯಲ್ಲಿ ಬಹಳ ವರ್ಷ ಕಳೆದವನಾದ್ದರಿಂದ, ಒಂದೇ ವಿಷಯಕ್ಕೆ ಇಡೀ ಅಂಕಣವನ್ನು ಬಿಟ್ಟುಕೊಡಲು ನನಗೆ ಅಡ್ಡಿಯೇನೂ ಕಾಣಲಿಲ್ಲ. ಉತ್ತರಗಳನ್ನು ಬರೆಯುವಾಗ, ಯಾರ ಲೆಕ್ಕದ ಕೆಲಸ (‘ಜಾಬ್’) ಯಾವಾಗ ನಡೆಯಬೇಕೆಂಬ ಸರದಿ ನೋಡಿಕೊಳ್ಳುವ ತಂತ್ರಾಂಶ ‘ಸ್ಲರ್ಮ್’ ಎಂದೂ, ಫೈಲುಗಳನ್ನು ಇಡುವ ವ್ಯವಸ್ಥೆ ‘ಲಸ್ಟರ್’ ಅಥವಾ ಅದರಂಥದ್ದು ಎಂದೂ ಭಾವಿಸಿದ್ದೇನೆ. ಮಿತಿಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ನಿಮ್ಮಲ್ಲಿನ ನಿಯಮ ಪುಟವನ್ನು ಒಮ್ಮೆಯಾದರೂ ಓದಿರಿ.

ಪ್ರಶ್ನೆ: ನಮ್ಮ ಕ್ಲಸ್ಟರ್‌ನಲ್ಲಿ ಪ್ರತಿಯೊಬ್ಬರ ಹೋಮ್ ಫೋಲ್ಡರಿಗೆ 100 ಜಿಬಿ ಜಾಗ ಕೊಟ್ಟಿದ್ದಾರೆ. ನಾನು ಬಳಸಿರುವುದು 41 ಜಿಬಿ ಮಾತ್ರ. ಆದರೂ ಮೊನ್ನೆಯಿಂದ ಎರಡು ಸಾಲಿನ ಫೈಲು ಉಳಿಸಲು ಹೋದರೂ ಡಿಸ್ಕ್ ಕೋಟಾ ಮೀರಿದೆ ಎಂಬ ಸಂದೇಶ ಬರುತ್ತಿದೆ. ಅಡ್ಮಿನ್ ಅವರಿಗೆ ಬರೆದರೆ ‘ಫೈಲುಗಳನ್ನು ಕಡಿಮೆ ಮಾಡಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಉಳಿದ 59 ಜಿಬಿ ಎಲ್ಲಿ ಹೋಯಿತು?
ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ

ಉತ್ತರ: ಎಲ್ಲಿಗೂ ಹೋಗಿಲ್ಲ. ನಿಮಗೆ ಕೊರತೆಯಾಗಿರುವುದು ಜಾಗದ್ದಲ್ಲ, ಖಾತಾಗಳದ್ದು. ನಿವೇಶನದ ವ್ಯವಹಾರ ಕಂಡ ಬೆಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ: 20 ಅಡಿ ಅಗಲ 30 ಅಡಿ ಉದ್ದದ ನಿವೇಶನವಾಗಲಿ, ಎರಡು ಎಕರೆಯ ಗೋದಾಮಾಗಲಿ, ಪಾಲಿಕೆಯ ಪುಸ್ತಕದಲ್ಲಿ ಎರಡಕ್ಕೂ ಬೇಕಾದದ್ದು ಒಂದೊಂದೇ ಖಾತಾ. ಹಾಗೆಯೇ ಫೈಲು 4 ಕಿಲೋಬೈಟಿನದಿರಲಿ, 40 ಜಿಬಿಯದಿರಲಿ, ಅದರ ಯಜಮಾನ ಯಾರು, ಅನುಮತಿ ಯಾರಿಗಿದೆ, ಯಾವಾಗ ತಿದ್ದಲಾಯಿತು, ದತ್ತಾಂಶ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದನ್ನೆಲ್ಲ ಬರೆದಿಡುವ ಒಂದು ದಾಖಲೆ ಬೇಕು. ಅದರ ಹೆಸರು ಐನೋಡ್. ಕೋಟಾ ಎಂದರೆ ಎರಡು ಮಿತಿಗಳ ಜೋಡಿ: ಒಟ್ಟು ಗಾತ್ರ ಇಷ್ಟು, ಒಟ್ಟು ಐನೋಡ್ ಇಷ್ಟು. ಯಾವುದು ಮೊದಲು ಮುಗಿದರೂ ಬಾಗಿಲು ಮುಚ್ಚುತ್ತದೆ, ಮತ್ತು ದುರದೃಷ್ಟವಶಾತ್ ಎರಡಕ್ಕೂ ಬರುವ ಸಂದೇಶ ಒಂದೇ.

ಈ ಎರಡನೆಯ ಮಿತಿಯನ್ನು ಯಾರೋ ಜಿಪುಣತನದಿಂದ ಹಾಕಿದ್ದಲ್ಲ. ಲಸ್ಟರ್‌ನಂಥ ವ್ಯವಸ್ಥೆಯಲ್ಲಿ ದತ್ತಾಂಶ ಹಲವು ಸರ್ವರ್‌ಗಳಲ್ಲಿ ಹಂಚಿಕೊಂಡಿರುತ್ತದೆ. ಆದರೆ ‘ಈ ಫೈಲು ಎಲ್ಲಿದೆ?’ ಎಂದು ಕೇಳಬೇಕಾದ ಮೆಟಾಡೇಟಾ ಸರ್ವರ್‌ಗಳು ಒಂದೋ ಎರಡೋ ಇರುತ್ತವೆ. 40 ಜಿಬಿಯ ಒಂದು ಫೈಲನ್ನು ಓದುವವರು ಆ ಗುಮಾಸ್ತರ ಮೇಜಿಗೆ ಒಮ್ಮೆ ಹೋಗಿ ಬಂದರೆ ಸಾಕು. ಅದೇ ದತ್ತಾಂಶವನ್ನು ಹತ್ತು ಲಕ್ಷ ಚೂರುಗಳಾಗಿ ಇಟ್ಟವರು ಹತ್ತು ಲಕ್ಷ ಸಲ ಹೋಗಬೇಕು, ಅವರ ಹಿಂದೆ ನಿಂತ ಮಿಕ್ಕವರೆಲ್ಲ ಕಾಯಬೇಕು. ಯಾರದೋ ಒಬ್ಬರ ಪ್ರೋಗ್ರಾಂನಿಂದಾಗಿ ಇಡೀ ಕ್ಲಸ್ಟರ್‌ನಲ್ಲಿ ಫೈಲುಗಳ ಪಟ್ಟಿ ಕೇಳುವ ‘ಎಲ್‌ಎಸ್’ ಆದೇಶ ಒತ್ತಿ ಅರ್ಧ ನಿಮಿಷ ಕಾಯುವ ದಿನಗಳು ಬರುವುದು ಹೀಗೆಯೇ.

ನಿಮ್ಮ ಪತ್ರದಲ್ಲಿ ಪೈಥಾನ್ ಬಳಸುತ್ತೇನೆಂದು ಬರೆದಿದ್ದೀರಿ. ಹಾಗಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ಪೈಥಾನ್ ಪ್ಯಾಕೇಜುಗಳನ್ನು ತಂದು ಜೋಡಿಸುವ ‘ಕೊಂಡಾ’ ಕಡೆಗೆ. ಅದರಲ್ಲಿ ಒಂದೊಂದು ಕೆಲಸಕ್ಕೆಂದು ಪ್ಯಾಕೇಜುಗಳನ್ನು ಸೇರಿಸಿ ಮಾಡುವ ಒಂದು ಎನ್ವಿರಾನ್‌ಮೆಂಟ್ ಹತ್ತಾರು ಸಾವಿರ ಫೈಲುಗಳನ್ನು ಹೊತ್ತು ತರುವುದು ಮಾಮೂಲು. ಅಂಥ ಐದಾರನ್ನು ಮಾಡಿ ಮರೆತಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಇವು ಹೆಚ್ಚಾಗಿ ಚುಕ್ಕಿಯಿಂದ ಆರಂಭವಾಗುವ ಅಡಗಿದ ಫೋಲ್ಡರುಗಳಲ್ಲಿ ಇರುವುದರಿಂದ ಬರಿಯ ‘ಎಲ್‌ಎಸ್’ಗೆ ಕಾಣುವುದೂ ಇಲ್ಲ. ‘ಡಿಯು’ ಆದೇಶಕ್ಕೆ ‘ಐನೋಡ್ಸ್’ ಎಂಬ ಆಯ್ಕೆ ಕೊಟ್ಟರೆ ಅದು ಗಾತ್ರದ ಬದಲು ಪ್ರತಿ ಫೋಲ್ಡರಿನ ಫೈಲುಗಳ ಸಂಖ್ಯೆಯನ್ನು ಹೇಳುತ್ತದೆ. ಅದನ್ನು ನಿಮ್ಮ ಹೋಮ್‌ನಲ್ಲಿ ಒಂದು ಹಂತದ ಆಳಕ್ಕೆ ಓಡಿಸಿ ನೋಡಿ. ಅಪರಾಧಿ ಮೊದಲ ನೋಟದಲ್ಲೇ ಸಿಗುತ್ತದೆ. ಬಳಸದ ಎನ್ವಿರಾನ್‌ಮೆಂಟ್‌ಗಳನ್ನು ತೆಗೆಯಿರಿ, ‘ಕೊಂಡಾ ಕ್ಲೀನ್’ ಕೊಟ್ಟು ಹಳೆಯ ಪ್ಯಾಕೇಜುಗಳನ್ನು ಅಳಿಸಿರಿ. ಉಳಿದದ್ದನ್ನು ‘ಆ್ಯಪ್ಟೈನರ್’ ಕಂಟೇನರ್ ಆಗಿ ಮಾಡಿಕೊಂಡರೆ ಇಡೀ ಎನ್ವಿರಾನ್‌ಮೆಂಟ್ ಒಂದೇ ಫೈಲಿನೊಳಗೆ ಕೂರುತ್ತದೆ, ಒಂದೇ ಖಾತಾ. ಹಳೆಯ ಫಲಿತಾಂಶಗಳ ಸಾವಿರಾರು ಚಿಕ್ಕ ಫೈಲುಗಳಿದ್ದರೆ ‘ಟಾರ್’ ಮಾಡಿ ಗಂಟು ಕಟ್ಟಿಡಿ.

ಅಡ್ಮಿನ್ ಅವರ ಒಂದು ಸಾಲಿನ ಉತ್ತರ ಸರಿಯಾಗಿಯೇ ಇತ್ತು. ಎರಡು ಸಾಲು ಬರೆದಿದ್ದರೆ ನೀವು ನಮಗೆ ಬರೆಯಬೇಕಾಗಿರಲಿಲ್ಲ ಎಂಬುದೂ ಸರಿಯೇ.

ಪ್ರಶ್ನೆ: ನನ್ನ ಜಾಬ್ ಮೂರು ದಿನದಿಂದ ‘ಪಿಡಿ’ (ಪೆಂಡಿಂಗ್, ಕಾಯುತ್ತಿದೆ) ಎಂದೇ ತೋರಿಸುತ್ತಿದೆ. ನನಗಿಂತ ಒಂದು ದಿನ ತಡವಾಗಿ ಹಾಕಿದ ಸ್ನೇಹಿತನ ಜಾಬ್ ನಡೆದು ಮುಗಿದೂ ಆಯಿತು. ಇದರಲ್ಲಿ ಶಿಫಾರಸು ನಡೆಯುತ್ತದೆಯೇ? ನಾನು ಕೇಳಿರುವುದು ಒಂದು ಕೋರ್ (ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಒಂದು ಘಟಕ), 180 ಜಿಬಿ ಮೆಮೊರಿ, 72 ಗಂಟೆ.
ಎಂ.ಟೆಕ್. ವಿದ್ಯಾರ್ಥಿ, ಬನಶಂಕರಿ

ಉತ್ತರ: ಶಿಫಾರಸು ಇಲ್ಲ. ನೀವು ಬರೆದ ಕೊನೆಯ ವಾಕ್ಯದಲ್ಲೇ ಉತ್ತರವಿದೆ.

ಸ್ಲರ್ಮ್‌ನ ಸರದಿ ದರ್ಶಿನಿಯ ಕೌಂಟರಿನ ಮುಂದಿನ ಸಾಲಿನಂತಲ್ಲ. ಅದು ಕಲ್ಯಾಣ ಮಂಟಪದ ಬುಕಿಂಗ್ ಪುಸ್ತಕದಂತೆ. ಭಾನುವಾರ ದೊಡ್ಡ ಮದುವೆಗೆ ಮಂಟಪ ಗೊತ್ತಾಗಿದೆ ಎಂದಿಟ್ಟುಕೊಳ್ಳಿ. ಶನಿವಾರ ಬೆಳಗ್ಗೆಯಿಂದ ಸಂಜೆಯವರೆಗೆ ಅದು ಖಾಲಿ. ‘ನಾಮಕರಣವಿದೆ, ಮೂರು ಗಂಟೆ ಸಾಕು’ ಎಂದು ಬಂದವರಿಗೆ ಮ್ಯಾನೇಜರು ಕೂಡಲೇ ಕೊಡುತ್ತಾರೆ. ಅದೇ ಮೂರು ಗಂಟೆಯ ನಾಮಕರಣಕ್ಕೆ ‘ಯಾವುದಕ್ಕೂ ಇರಲಿ, ಎರಡು ದಿನಕ್ಕೆ ಬರೆದುಕೊಳ್ಳಿ’ ಎಂದವರಿಗೆ ಮುಂದಿನ ವಾರ ಬನ್ನಿ ಎನ್ನುತ್ತಾರೆ. ಸ್ಲರ್ಮ್ ಮಾಡುವುದೂ ಇದನ್ನೇ, ಅದಕ್ಕೆ ಬ್ಯಾಕ್‌ಫಿಲ್ ಎಂದು ಹೆಸರು. ಮುಂದೆ ನಿಂತ ದೊಡ್ಡ ಜಾಬ್‌ಗಳು ಯಾವಾಗ ಶುರುವಾಗಬಹುದೆಂದು ಲೆಕ್ಕ ಹಾಕಿ, ಅವುಗಳಿಗೆ ತಡವಾಗದಂತೆ ನಡುವಿನ ಸಂದುಗಳಲ್ಲಿ ಚಿಕ್ಕ ಜಾಬ್‌ಗಳನ್ನು ತೂರಿಸುತ್ತದೆ. ಅದಕ್ಕೆ ಆಧಾರವಾಗಿ ಇರುವುದು ನೀವು ಸ್ಕ್ರಿಪ್ಟಿನಲ್ಲಿ ಬರೆದ ಸಮಯ ಒಂದೇ. ನಿಮ್ಮ ಜಾಬ್ ನಿಜವಾಗಿ ಐದು ಗಂಟೆಯಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯಿಲ್ಲ. 72 ಎಂದು ಬರೆದರೆ 72 ಗಂಟೆಯ ಸಂದೇ ಬೇಕು. ಸ್ನೇಹಿತರು ಬಹುಶಃ ನಾಲ್ಕು ಗಂಟೆ ಎಂದು ಬರೆದಿದ್ದರು.

ಎರಡನೆಯದು ಮೆಮೊರಿ. ಒಂದು ನೋಡ್‌ನಲ್ಲಿ, ಅಂದರೆ ಕ್ಲಸ್ಟರ್‌ನ ಒಂದು ಕಂಪ್ಯೂಟರಿನಲ್ಲಿ, 48 ಕೋರ್, 192 ಜಿಬಿ ಇದ್ದರೆ ಒಂದು ಕೋರ್‌ನ ಪಾಲಿಗೆ 4 ಜಿಬಿ ಬರುತ್ತದೆ. ನೀವು ಒಂದೇ ಕೋರ್ ಹಿಡಿದು 180 ಜಿಬಿ ಕೇಳಿದ್ದೀರಿ. ಮಿಕ್ಕ 47 ಕೋರ್‌ಗಳಿಗೆ ಉಳಿಯುವುದು 12 ಜಿಬಿ. ಅಂದರೆ ನಿಮ್ಮ ಜಾಬ್ ನಡೆಯುವಷ್ಟು ಹೊತ್ತು ಆ ನೋಡ್ ಬೇರೆಯವರಿಗೆ ಹೆಚ್ಚುಕಡಿಮೆ ಇಲ್ಲದಂತೆ. ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಖಾಲಿಯಾದ ನೋಡ್ ಸಿಗುವವರೆಗೆ ನೀವು ಕಾಯಲೇಬೇಕು. ಜೊತೆಗೆ ಅನೇಕ ಕಡೆ ನ್ಯಾಯಪಾಲಿನ (ಹೆಚ್ಚು ಬಳಸಿದವರ ಆದ್ಯತೆ ಇಳಿಸುವ ‘ಫೇರ್‌ಶೇರ್’) ಲೆಕ್ಕದಲ್ಲಿ ಮೆಮೊರಿಯನ್ನೂ ಸೇರಿಸುತ್ತಾರೆ. ಹಾಗಿದ್ದಲ್ಲಿ ಒಂದು ಕೋರ್ ಬಳಸಿದ ನಿಮ್ಮ ಹೆಸರಿಗೆ 45 ಕೋರ್‌ಗಳ ಬಳಕೆ ಬಿದ್ದು, ಮುಂದಿನ ಜಾಬ್‌ನ ಆದ್ಯತೆಯೂ ಇಳಿಯುತ್ತದೆ.

180 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ಸಲ ಅದು ಸೀನಿಯರ್ ಕೊಟ್ಟ ಸ್ಕ್ರಿಪ್ಟಿನಿಂದ ಬಂದಿರುತ್ತದೆ, ಆ ಸೀನಿಯರ್‌ಗೆ ಅವರ ಸೀನಿಯರ್ ಕೊಟ್ಟಿರುತ್ತಾರೆ, ಮೂಲಪುರುಷರು ಪದವಿ ಪಡೆದು ಹೊರಟು ಎಷ್ಟೋ ಕಾಲವಾಗಿರುತ್ತದೆ. ಅಳೆಯುವುದು ಕಷ್ಟವಲ್ಲ. ಚಿಕ್ಕ ಇನ್‌ಪುಟ್‌ನೊಂದಿಗೆ ಜಾಬನ್ನು ಒಮ್ಮೆ ಓಡಿಸಿ, ಮುಗಿದ ಮೇಲೆ ‘ಸೆಫ್’ ಎಂಬ ಆದೇಶಕ್ಕೆ ಜಾಬ್ ಸಂಖ್ಯೆ ಕೊಡಿ. ಎಷ್ಟು ಸಮಯ ಹಿಡಿಯಿತು, ಕೇಳಿದ ಮೆಮೊರಿಯಲ್ಲಿ ಶೇಕಡ ಎಷ್ಟು ಬಳಕೆಯಾಯಿತು ಎಂದು ಕೆಲವೇ ಸಾಲುಗಳಲ್ಲಿ ಹೇಳುತ್ತದೆ. ಅದರ ಮೇಲೆ ಇಪ್ಪತ್ತು ಮೂವತ್ತು ಶೇಕಡ ಸೇರಿಸಿ ಕೇಳಿ. ಒಂದು ಎಚ್ಚರಿಕೆ: ಈ ಮೆಮೊರಿ ಲೆಕ್ಕವನ್ನು ಸ್ಲರ್ಮ್ ಸಾಮಾನ್ಯವಾಗಿ ಅರ್ಧ ನಿಮಿಷಕ್ಕೊಮ್ಮೆ ಇಣುಕಿ ನೋಡಿ ಬರೆದುಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ಹತ್ತು ಸೆಕೆಂಡು ಮಾತ್ರ ಉಬ್ಬಿ ಇಳಿದಿದ್ದರೆ ಅದು ದಾಖಲಾಗದೆ ಹೋಗಬಹುದು; ಹಾಗಾಗಿ ದಾಖಲೆಯಲ್ಲಿ 30 ಜಿಬಿ ಇದ್ದೂ 32 ಕೇಳಿದ ಜಾಬ್ ಮೆಮೊರಿ ಸಾಲದೆ ಸತ್ತರೆ ಯಂತ್ರ ಸುಳ್ಳು ಹೇಳಿತೆಂದು ಬಯ್ಯಬೇಡಿ.

ಇನ್ನೊಂದು ಸಂಗತಿ. ‘ಎಸ್‌ಕ್ಯೂ’ ಪಟ್ಟಿಯ ಕೊನೆಯ ಅಂಕಣದಲ್ಲಿ ಕಾಯುವ ಕಾರಣ ಬರೆದಿರುತ್ತದೆ. ‘ಪ್ರಯಾರಿಟಿ’ ಎಂದರೆ ನಿಮಗಿಂತ ಮುಂದೆ ಜನರಿದ್ದಾರೆ. ‘ರಿಸೋರ್ಸಸ್’ ಎಂದರೆ ನಿಮ್ಮ ಸರದಿ ಬಂದಿದೆ, ಜಾಗ ಖಾಲಿಯಾಗಬೇಕು. ನೋಡ್ ಲಭ್ಯವಿಲ್ಲ, ಕಾಯ್ದಿರಿಸಲಾಗಿದೆ ಎಂಬರ್ಥದ ಮಾತು ಕಂಡರೆ ಕ್ಯಾಲೆಂಡರ್ ನೋಡಿ: ಶುಕ್ರವಾರ ಬೆಳಗ್ಗೆ ದುರಸ್ತಿಗೆಂದು ಕ್ಲಸ್ಟರ್ ನಿಲ್ಲಿಸುವುದಿದ್ದರೆ, ಬುಧವಾರ ಹಾಕಿದ 72 ಗಂಟೆಯ ಜಾಬ್ ಆ ಗೆರೆಯನ್ನು ದಾಟುವುದರಿಂದ ಶುರುವೇ ಆಗುವುದಿಲ್ಲ. ಅದೇ ಹೊತ್ತಿನಲ್ಲಿ ಅರ್ಧ ಕ್ಲಸ್ಟರ್ ಖಾಲಿ ಬಿದ್ದಿದ್ದರೂ ಸಹ.

ಪ್ರಶ್ನೆ: ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅದು ಒಂದು ದೊಡ್ಡ ಯಂತ್ರವೇ? ಅದಕ್ಕೂ ನೀವು ಹೇಳುವ ಕ್ಲಸ್ಟರ್‌ಗೂ ಏನು ವ್ಯತ್ಯಾಸ?
ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ಮೇಷ್ಟ್ರೇ, ಅದೂ ಕ್ಲಸ್ಟರೇ, ಬಹಳ ದೊಡ್ಡದು. 2022ರಲ್ಲಿ ಅಲ್ಲಿ ಆರಂಭವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ದಶಮಾಂಶ ಲೆಕ್ಕಗಳು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ಅಡಿಯಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ಅದನ್ನು ಕಟ್ಟಿತು. ಅದಕ್ಕೂ ಮೊದಲು 2015ರಿಂದ ಅಲ್ಲಿ ಕ್ರೇ ಕಂಪನಿಯ ‘ಸಹಸ್ರಟಿ’ ಇತ್ತು. ಇದೇ ಪರಮ್ ಹೆಸರಿನ ಮೊದಲ ಯಂತ್ರ, ‘ಪರಮ್ 8000’, ಪುಣೆಯಲ್ಲಿ 1991ರಲ್ಲೇ ಸಿದ್ಧವಾಗಿತ್ತು. ಒಳಗೆ ಹೋಗಿ ನೋಡಿದರೆ ಇಂದಿನ ಇಂಥ ಯಂತ್ರಗಳೆಲ್ಲ ಅಲಮಾರುಗಳಲ್ಲಿ ಒಂದರ ಮೇಲೊಂದು ಜೋಡಿಸಿದ ನೂರಾರು ಕಂಪ್ಯೂಟರುಗಳು, ಅವುಗಳ ನಡುವೆ ಅತಿ ವೇಗದ ಜಾಲ, ಎಲ್ಲದಕ್ಕೂ ಸೇರಿ ಒಂದು ಹಂಚಿದ ಡಿಸ್ಕ್ ವ್ಯವಸ್ಥೆ, ಮತ್ತು ಯಾರಿಗೆ ಯಾವಾಗ ಎಂದು ತೀರ್ಮಾನಿಸುವ ಸರದಿ. ಕಾಲೇಜಿನ ಹತ್ತು ನೋಡ್‌ಗಳ ಕ್ಲಸ್ಟರ್‌ನಲ್ಲಿ ಕಲಿತ ಅಭ್ಯಾಸ ಅಲ್ಲಿಯೂ ನಡೆಯುತ್ತದೆ. ಕೆಟ್ಟ ಅಭ್ಯಾಸವಾದರೆ ಅಲ್ಲಿ ಇನ್ನಷ್ಟು ಜನರಿಗೆ ತೊಂದರೆ.

ಪ್ರಶ್ನೆ: ಒಂದು ಕೋರ್‌ನಲ್ಲಿ 22 ಗಂಟೆ ಹಿಡಿಯುತ್ತಿದ್ದ ಜಾಬ್‌ಗೆ 48 ಕೋರ್ ಕೇಳಿದೆ. ಒಂದು ಗಂಟೆಯೊಳಗೆ ಮುಗಿಯಬೇಕಿತ್ತಲ್ಲವೇ? 22 ಗಂಟೆಯೇ ಹಿಡಿಯಿತು.
ಜಾಲಹಳ್ಳಿಯ ಓದುಗರು

ಉತ್ತರ: ಹಂಡೆ ಒಂದೇ ಇದ್ದು, ಸೌಟೂ ಒಂದೇ ಇದ್ದರೆ, 48 ಅಡುಗೆಯವರನ್ನು ಕರೆಸಿದರೂ ಸಾರು ಬೇಗ ಕುದಿಯುವುದಿಲ್ಲ. ಪ್ರೋಗ್ರಾಂ ಅನ್ನು ಹಲವು ಕೋರ್‌ಗಳಿಗೆ ಹಂಚಿಕೊಳ್ಳುವಂತೆ ಬರೆದಿರದಿದ್ದರೆ ಅದು ಒಂದು ಕೋರ್ ಮಾತ್ರ ಬಳಸುತ್ತದೆ. ಮಿಕ್ಕ 47 ನಿಮ್ಮ ಹೆಸರಿನಲ್ಲಿ ಸುಮ್ಮನೆ ಕುಳಿತಿರುತ್ತವೆ. ಹಂಚುವಂತೆ ಬರೆದಿದ್ದರೂ ಮಿತಿ ಇದ್ದೇ ಇದೆ. 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದದ ಪ್ರಕಾರ, ಕೆಲಸದ ಶೇಕಡ 10 ಭಾಗ ಒಂದಾದ ಮೇಲೊಂದು ನಡೆಯಲೇಬೇಕಾದದ್ದಾದರೆ, ಎಷ್ಟು ಕೋರ್ ಸುರಿದರೂ ವೇಗ ಹತ್ತು ಪಟ್ಟು ದಾಟದು. ನಿಮ್ಮ 48 ಕೋರ್‌ಗಳಿಗೆ ಲೆಕ್ಕ ಹಾಕಿದರೆ ಸಿಗುವುದು ಸುಮಾರು 8.4 ಪಟ್ಟು, 16 ಕೋರ್‌ಗಳಿಗೇ 6.4 ಪಟ್ಟು ಸಿಗುತ್ತಿತ್ತು. ಉಳಿದ 32 ಕೋರ್ ಕೊಟ್ಟದ್ದು ಎರಡೇ ಪಟ್ಟು. ಆದ್ದರಿಂದ 1, 4, 8, 16 ಎಂದು ಏರಿಸುತ್ತಾ ಒಂದೇ ಚಿಕ್ಕ ಲೆಕ್ಕವನ್ನು ಓಡಿಸಿ, ಸಮಯ ಇಳಿಯುವುದು ನಿಲ್ಲುವ ಜಾಗ ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸಿ.

ನಿಮ್ಮದು ಒಂದೇ ಪ್ರೋಗ್ರಾಂ ಅನ್ನು 2000 ಬೇರೆ ಬೇರೆ ಇನ್‌ಪುಟ್‌ಗಳಿಗೆ ಓಡಿಸುವ ಕೆಲಸ ಎಂದೂ ಬರೆದಿದ್ದೀರಿ, ಪ್ರತಿಯೊಂದಕ್ಕೂ 40 ಸೆಕೆಂಡು. ಹಾಗಿದ್ದರೆ ಕ್ಲಸ್ಟರ್‌ನಿಂದ ನಿಮಗೆ ದೊಡ್ಡ ಲಾಭವಿದೆ, ಆದರೆ ಕೋರ್ ಹೆಚ್ಚಿಸುವುದರಿಂದಲ್ಲ, ಒಂದೇ ಸ್ಕ್ರಿಪ್ಟನ್ನು ಹಲವು ಇನ್‌ಪುಟ್‌ಗಳಿಗೆ ಒಂದೇ ಸಲ ಹಾಕುವ ‘ಅರೇ ಜಾಬ್’ನಿಂದ. 2000 ಸಲ ಜಾಬ್ ಹಾಕುವ ‘ಎಸ್‌ಬ್ಯಾಚ್’ ಆದೇಶ ಒತ್ತುವ ಲೂಪ್ ಬರೆಯಬೇಡಿ. 40 ಸೆಕೆಂಡಿನ ಕೆಲಸಕ್ಕೆ ಸರದಿಯ ಓಡಾಟವೇ ಹೆಚ್ಚಾಗುತ್ತದೆ. ಐವತ್ತೈವತ್ತು ಇನ್‌ಪುಟ್‌ಗಳ ಕಟ್ಟು ಮಾಡಿ, 40 ಕಟ್ಟುಗಳ ಒಂದು ಅರೇ ಹಾಕಿ. ಒಂದೊಂದಕ್ಕೆ ಸುಮಾರು 33 ನಿಮಿಷ. ಅರೇಯ ಸಾಲಿನ ಕೊನೆಗೆ ಶೇಕಡ ಚಿಹ್ನೆ ಹಾಕಿ 10 ಎಂದು ಬರೆದರೆ ಒಮ್ಮೆಗೆ ಹತ್ತು ಮಾತ್ರ ನಡೆಯುತ್ತವೆ, ಪಕ್ಕದವರೂ ಉಸಿರಾಡುತ್ತಾರೆ.

ಪ್ರಶ್ನೆ: ಲಾಗಿನ್ ನೋಡ್‌ನಲ್ಲೇ ಪ್ರೋಗ್ರಾಂ ಓಡಿಸಿದರೆ ಏನಾಗುತ್ತದೆ? ಸರದಿಯ ತಾಪತ್ರಯವೇ ಇರುವುದಿಲ್ಲವಲ್ಲ.
ಹೆಸರು ಬೇಡ, ವಿಜಯನಗರ

ಉತ್ತರ: ಹೆಸರು ಬೇಡ ಎಂದಾಗಲೇ ಉತ್ತರ ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತಾಯಿತು. ಲಾಗಿನ್ ನೋಡ್ ಎಂದರೆ ಎಲ್ಲರೂ ಕ್ಲಸ್ಟರ್‌ಗೆ ಒಳಬರುವ ಕಂಪ್ಯೂಟರ್, ವಠಾರದ ಬಾಗಿಲಿದ್ದಂತೆ; ಅಲ್ಲಿ ಮಂಚ ಹಾಕಿ ಮಲಗಿದರೆ ಯಾರೂ ಒಳಗೆ ಹೋಗಲಾರರು, ಹೊರಗೂ ಬರಲಾರರು. ಫೈಲು ತಿದ್ದುವುದು, ಜಾಬ್ ಹಾಕುವುದು, ಚಿಕ್ಕಪುಟ್ಟ ಕಂಪೈಲ್ ಅಲ್ಲಿ ನಡೆಯಲಿ. ಪ್ರಯೋಗಿಸಿ ನೋಡಬೇಕಿದ್ದರೆ ‘ಎಸ್‌ಅಲಾಕ್’ ಕೊಟ್ಟು ಅರ್ಧ ಗಂಟೆಗೆ ಒಂದು ಕೋರ್ ಪಡೆಯಿರಿ.

ಪ್ರಶ್ನೆ: ಎರಡು ವರ್ಷ ಹಳೆಯ ದತ್ತಾಂಶವನ್ನು ನನ್ನ ಡಿಸ್ಕಿನಿಂದ ಸ್ಕ್ರ್ಯಾಚ್‌ಗೆ, ಅಂದರೆ ಕ್ಲಸ್ಟರ್‌ನ ತಾತ್ಕಾಲಿಕ ಡಿಸ್ಕಿಗೆ, ಕಾಪಿ ಮಾಡಿದ್ದೆ. 30 ದಿನ ಮುಟ್ಟದ ಫೈಲುಗಳನ್ನು ಅಳಿಸುತ್ತೇವೆ ಎಂಬ ನಿಯಮ ನನಗೆ ಗೊತ್ತು. ಆದರೆ ಹಾಕಿದ ಮರುದಿನವೇ ಎಲ್ಲವೂ ಮಾಯ! ಇದು ಅನ್ಯಾಯವಲ್ಲವೇ?
ಸಂಶೋಧಕರು, ಹೆಬ್ಬಾಳ

ಉತ್ತರ: ಅನ್ಯಾಯದಂತೆ ಕಾಣುತ್ತದೆ, ಆದರೆ ನಿಮ್ಮ ಫೈಲುಗಳು ಸ್ಕ್ರ್ಯಾಚ್‌ಗೆ ಕಾಲಿಡುವಾಗಲೇ ಎರಡು ವರ್ಷ ಹಳೆಯವಾಗಿದ್ದವು. ಫೈಲು ಕಾಪಿ ಮಾಡುವ ‘ಆರ್‌ಸಿಂಕ್’ ಆದೇಶವನ್ನು ಎಲ್ಲರೂ ಬಳಸುವ ‘ಎ’ ಆಯ್ಕೆಯೊಂದಿಗೆ ಕೊಟ್ಟರೆ ಅದು ಫೈಲಿನ ಜೊತೆಗೆ ತಿದ್ದಿದ ದಿನಾಂಕವನ್ನೂ ಹಾಗೆಯೇ ಸಾಗಿಸುತ್ತದೆ. ‘ಟಾರ್’ ಗಂಟು ಬಿಚ್ಚಿದಾಗಲೂ ಹೀಗೆಯೇ. ಸ್ವಚ್ಛ ಮಾಡುವ ಸ್ಕ್ರಿಪ್ಟು ನೋಡುವುದು ತಿದ್ದಿದ ದಿನಾಂಕವನ್ನಾದರೆ, ಅದರ ಕಣ್ಣಿಗೆ ಇವು ಯಾವಾಗಲೋ ಹೋಗಬೇಕಿದ್ದ ಸರಕು. ಮುಂದೆ ಬಿಚ್ಚುವಾಗ ‘ಟಾರ್’ಗೆ ‘ಎಂ’ ಆಯ್ಕೆ ಕೊಡಿ, ದಿನಾಂಕ ಆ ಕ್ಷಣದ್ದಾಗುತ್ತದೆ. ಆದರೆ ದಿನಾಂಕ ಬದಲಿಸುವ ‘ಟಚ್’ ಆದೇಶವನ್ನು ತಿಂಗಳಿಗೊಮ್ಮೆ ಓಡಿಸಿ ಸ್ಕ್ರ್ಯಾಚ್ ಅನ್ನೇ ಮನೆ ಮಾಡಿಕೊಳ್ಳುವ ಉಪಾಯ ಬೇಡ. ಎಲ್ಲ ಅಡ್ಮಿನ್‌ಗಳೂ ಅದನ್ನು ಕಂಡಿದ್ದಾರೆ, ಕೆಲವರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಮಾಡಿಯೂ ಇದ್ದಾರೆ.

ಸ್ಕ್ರ್ಯಾಚ್ ಇರುವುದು ಜಾಬ್ ನಡೆಯುವಾಗ ವೇಗವಾಗಿ ಓದಿ ಬರೆಯಲಿಕ್ಕೆ. ಅದಕ್ಕೆ ಬ್ಯಾಕಪ್ ಇರುವುದಿಲ್ಲ, ಕಸದ ಬುಟ್ಟಿಯೂ ಇರುವುದಿಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ದೀಪಾವಳಿಯ ಹಿಂದಿನ ಸಂಜೆ, ಬಸ್ಸಿಗೆ ತಡವಾಗುತ್ತಿದೆ ಎಂಬ ಅವಸರದಲ್ಲಿ, ‘ಟೆಸ್ಟ್’ ಎಂದು ಆರಂಭವಾಗುವ ಫೋಲ್ಡರುಗಳನ್ನು ಅಳಿಸಲು ‘ಆರ್‌ಎಂ’ ಬರೆದು, ಟೆಸ್ಟ್ ಎಂಬ ಪದಕ್ಕೂ ಅದರ ಮುಂದಿನ ನಕ್ಷತ್ರ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಒತ್ತಿಬಿಟ್ಟೆ. ಟೆಸ್ಟ್ ಎಂಬ ಹೆಸರಿನದನ್ನೂ ಅಳಿಸು, ಇಲ್ಲಿರುವ ಎಲ್ಲವನ್ನೂ ಅಳಿಸು ಎಂದು ಅದರ ಅರ್ಥ. ಆದೇಶ ಒಂದು ಸೆಕೆಂಡಿನಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ; ಕರ್ಸರ್ ಮಿಣುಕುತ್ತಾ ನಿಂತದ್ದನ್ನು ನೋಡಿ ಕೈ ತಣ್ಣಗಾಯಿತು. ಕಂಟ್ರೋಲ್ ಸಿ ಒತ್ತುವಷ್ಟರಲ್ಲಿ ಮೂರು ವಾರದ ಫಲಿತಾಂಶದಲ್ಲಿ ಉಳಿದಿದ್ದು ನಾಲ್ಕು ಫೋಲ್ಡರು. ಸ್ಕ್ರಿಪ್ಟುಗಳು ಮತ್ತು ಇನ್‌ಪುಟ್ ಹೋಮ್‌ನಲ್ಲಿ, ಹಳೆಯ ಆವೃತ್ತಿಗಳನ್ನೂ ಕಾಪಿಡುವ ಗಿಟ್‌ನೊಳಗೆ ಇದ್ದುದರಿಂದ ಹಬ್ಬದ ಮೇಲೆ ಮತ್ತೆ ಮೂರು ವಾರ ಓಡಿಸಿ ಎಲ್ಲವನ್ನೂ ಮರಳಿ ಪಡೆದೆ. ಅಂದಿನಿಂದ ‘ಆರ್‌ಎಂ’ ಬರೆಯುವ ಮೊದಲು ಅದೇ ಸಾಲನ್ನು ‘ಎಲ್‌ಎಸ್’ ಎಂದು ಬರೆದು ಪಟ್ಟಿಯನ್ನು ಓದುತ್ತೇನೆ. ನೀವೂ ಹಾಗೆ ವಿಂಗಡಿಸಿ: ಮರಳಿ ಹುಟ್ಟಿಸಲಾಗದ ಚಿಕ್ಕದ್ದು ಹೋಮ್‌ನಲ್ಲಿ ಮತ್ತು ಇನ್ನೊಂದು ಕಡೆಯೂ, ಮರಳಿ ಹುಟ್ಟಿಸಬಹುದಾದ ದೊಡ್ಡದ್ದು ಸ್ಕ್ರ್ಯಾಚ್‌ನಲ್ಲಿ.

ಪ್ರಶ್ನೆ: ನನ್ನ ಮಗಳು ಪಿಎಚ್.ಡಿ. ಮಾಡುತ್ತಿದ್ದಾಳೆ. ರಾತ್ರಿ ಎರಡು ಗಂಟೆಗೆ, ನಾಲ್ಕು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ‘ಜಾಬ್ ನೋಡಬೇಕಮ್ಮ’ ಎಂದು ಲ್ಯಾಪ್‌ಟಾಪ್ ತೆರೆಯುತ್ತಾಳೆ. ನಾಲ್ಕು ದಿನಕ್ಕೊಮ್ಮೆ ‘ಟೈಮ್ ಮುಗಿದು ಸತ್ತೇ ಹೋಯಿತು’ ಎಂದು ಅಳುತ್ತಾಳೆ. ಇದಕ್ಕೆ ಪರಿಹಾರವಿಲ್ಲವೇ?
ಗೃಹಿಣಿ, ರಾಜಾಜಿನಗರ

ಉತ್ತರ: ಇದೆ ತಾಯಿ, ಈ ಉತ್ತರವನ್ನು ಮಗಳಿಗೆ ತೋರಿಸಿ. ಸ್ಕ್ರಿಪ್ಟಿನಲ್ಲಿ ಮೇಲ್ ವಿಳಾಸ ಕೊಟ್ಟು, ‘ಎಂಡ್’ ಮತ್ತು ‘ಫೇಲ್’ ಆದಾಗ ತಿಳಿಸು ಎಂದು ಒಂದು ಸಾಲು ಬರೆದರೆ ಸ್ಲರ್ಮ್ ತಾನೇ ಪತ್ರ ಹಾಕುತ್ತದೆ. ಎದ್ದು ನೋಡಿದರೆ ಸರದಿ ಮುಂದೆ ಸರಿಯುವುದಿಲ್ಲ. ಒಂದು ಜಾಬ್ ಸರಿಯಾಗಿ ಮುಗಿದ ಮೇಲೆ ಮುಂದಿನದು ಶುರುವಾಗಬೇಕಿದ್ದರೆ ‘ಡಿಪೆಂಡೆನ್ಸಿ’ ಎಂಬ ಆಯ್ಕೆಯಿಂದ ಸರಪಳಿ ಕಟ್ಟಿ ಸಂಜೆಯೇ ಎಲ್ಲವನ್ನೂ ಹಾಕಿ ಮಲಗಬಹುದು.

ಟೈಮ್ ಮುಗಿದು ಸಾಯುವುದಕ್ಕೆ ಮದ್ದು ಚೆಕ್‌ಪಾಯಿಂಟ್: ಪ್ರೋಗ್ರಾಂ ಗಂಟೆಗೊಮ್ಮೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಅವಧಿ ಮುಗಿದಾಗ ಸ್ಲರ್ಮ್ ಮೊದಲು ಒಂದು ಸಂಕೇತ ಕಳಿಸಿ, ಸಾಮಾನ್ಯವಾಗಿ 30 ಸೆಕೆಂಡಿನ ನಂತರ ಕೊಲ್ಲುತ್ತದೆ. ದೊಡ್ಡ ಫೈಲು ಬರೆಯಲು ಅದು ಸಾಲದು. ‘ಸಿಗ್ನಲ್’ ಆಯ್ಕೆಯಿಂದ ಹತ್ತು ನಿಮಿಷ ಮುಂಚೆಯೇ ಸೂಚನೆ ಕೊಡು ಎಂದು ಕೇಳಿಕೊಳ್ಳಬಹುದು. ಚೆಕ್‌ಪಾಯಿಂಟ್ ಬರೆಯುವಾಗ ಹಳೆಯದರ ಮೇಲೆಯೇ ಬರೆಯಬಾರದು, ಬರೆಯುವ ನಡುವೆ ಸತ್ತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂದಾಗುತ್ತದೆ. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹಳೆಯ ಹೆಸರಿಗೆ ಬದಲಿಸಬೇಕು.

ಪ್ರಶ್ನೆ: ಪ್ರಯೋಗಾಲಯದಲ್ಲಿರುವ 800 ಜಿಬಿ ಚಿತ್ರಗಳನ್ನು ಕ್ಲಸ್ಟರ್‌ಗೆ ಕಳಿಸಬೇಕು. ಎಷ್ಟು ಹೊತ್ತು ಹಿಡಿಯುತ್ತದೆ?
ಪೀಣ್ಯದ ಓದುಗರು

ಉತ್ತರ: 100 ಎಂಬಿಪಿಎಸ್ ಸಂಪರ್ಕ ಪೂರ್ತಿ ನಿಮ್ಮದೇ ಆಗಿದ್ದರೂ ಸುಮಾರು 18 ಗಂಟೆ, ಲಕ್ಷಗಟ್ಟಲೆ ಚಿಕ್ಕ ಚಿತ್ರಗಳಾದರೆ ಇನ್ನೂ ಹೆಚ್ಚು. ಮೊದಲು ಹತ್ತಿಪ್ಪತ್ತು ‘ಟಾರ್’ ಗಂಟುಗಳಾಗಿ ಕಟ್ಟಿ, ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ‘ಟೀಮಕ್ಸ್’ ಒಳಗಿನಿಂದ ‘ಆರ್‌ಸಿಂಕ್’ ಓಡಿಸಿ. ನಡುವೆ ಕರೆಂಟು ಹೋದರೆ ಮುಗಿದ ಗಂಟುಗಳನ್ನು ಮತ್ತೆ ಕಳಿಸಬೇಕಾಗುವುದಿಲ್ಲ. ಕ್ಲಸ್ಟರ್‌ನವರು ಒಪ್ಪುವುದಾದರೆ ಹಾರ್ಡ್ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೋದ ಹಸಿರು ಮಾರ್ಗ ಹತ್ತುವುದು ಇದಕ್ಕಿಂತ ವೇಗ. ಯಾವ ದಾರಿ ಹಿಡಿದರೂ ಎರಡು ಕಡೆಯೂ ಫೈಲಿನ ಬೆರಳಚ್ಚಿನಂಥ ‘ಶಾ256ಸಮ್’ ತೆಗೆದು ತಾಳೆ ನೋಡಿದ ಮೇಲೆಯೇ ಮೂಲವನ್ನು ಅಳಿಸಿ.

ಪ್ರಶ್ನೆ: ಮುಂದಿನ ತಿಂಗಳು ಪದವಿ ಮುಗಿಸಿ ಹೊರಡುತ್ತಿದ್ದೇನೆ. ನನ್ನ ಅಕೌಂಟಿನಲ್ಲಿರುವ ದತ್ತಾಂಶವನ್ನು ಜೂನಿಯರ್‌ಗೆ ಬಿಟ್ಟುಹೋಗುವುದು ಹೇಗೆ?
ಮಲ್ಲೇಶ್ವರದ ಓದುಗರು

ಉತ್ತರ: ಪಾಸ್‌ವರ್ಡ್ ಬರೆದುಕೊಟ್ಟು ಹೋಗಬೇಡಿ, ಅದೇ ಹೆಚ್ಚು ನಡೆಯುವುದರಿಂದ ಮೊದಲು ಹೇಳಿದೆ. ಫೈಲಿನ ಯಜಮಾನಿಕೆಯನ್ನು ನೀವೇ ಬದಲಿಸಲಾಗದು, ಅಡ್ಮಿನ್ ಮಾತ್ರ ಬದಲಿಸಬಲ್ಲರು. ಅದಕ್ಕೆ ಮಾರ್ಗದರ್ಶಕರ ಸಹಿಯಿರುವ ಪತ್ರವನ್ನು ಈಗಲೇ ಕೊಡಿ. ಬೇಕಾದದ್ದನ್ನು ಆರಿಸಿ ಗುಂಪಿನ ಫೋಲ್ಡರಿಗೆ ಹಾಕಿ, ಯಾವ ಸ್ಕ್ರಿಪ್ಟಿನಿಂದ, ಯಾವ ಆವೃತ್ತಿಯ ತಂತ್ರಾಂಶದಿಂದ ಬಂದದ್ದೆಂದು ಒಂದು ಪುಟ ಬರೆದಿಡಿ. ಗುಂಪಿಗೆ ಓದುವ ಅನುಮತಿ ಕೊಡುವಾಗ ಫೈಲಿಗೆ ಮಾತ್ರ ಕೊಟ್ಟು ಮೇಲಿನ ಫೋಲ್ಡರನ್ನು ಮರೆಯುವವರು ಬಹಳ. ಕೋಣೆಯ ಬೀಗ ತೆಗೆದು ಬೀದಿ ಬಾಗಿಲು ಹಾಕಿಕೊಂಡು ಹೋದಂತೆ ಅದು. ಇದು ನಿಮ್ಮ ಅಕೌಂಟಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಏಕೆಂದರೆ ನಿಮಗೆ ಎಲ್ಲವೂ ತೆರೆಯುತ್ತದೆ. ಕೊನೆಯ ವಾರ ಜೂನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರದೇ ಅಕೌಂಟಿನಿಂದ ಒಂದು ಗಂಟು ಬಿಚ್ಚಿಸಿ, ಒಂದು ಜಾಬ್ ಹಾಕಿಸಿ, ಅದು ಮುಗಿದು ನಿಮ್ಮ ಹಳೆಯ ಫಲಿತಾಂಶವೇ ಬಂತೇ ಎಂದು ಇಬ್ಬರೂ ನೋಡಿ.